ಬಿಸಿಲಲ್ಲಿ ಕಪ್ಪು ಗೆರೆ

ಗುಬ್ಬಿಯ ಪ್ರೌಢಶಾಲೆಯ ಅಂಗಳದಲ್ಲಿ ಆವತ್ತು ಗಾಳಿ ಬೀಸದೆ ಇದ್ದಿದ್ದರೆ ತ್ರಿವೇಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಂದಿನಂತೆ ಮಾತಾಡಿ, ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿಕೊಂಡು, ಮೇಷ್ಟ್ರು ತರಿಸಿಕೊಟ್ಟ ಕಾಫಿ ಕುಡಿದು ತುಮಕೂರಿನ ಬಸ್ಸು ಹತ್ತಿರುತ್ತಿದ್ದಳು.

ಎರಡು ಸಾವಿರದ ಏಳನೇ ಇಸವಿ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ತ್ರಿವೇಣಿ ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷದ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು. ಅವಳೂ, ಅವಳ ಕ್ಲಾಸಿನವರೇ ಆದ ರಂಗನಾಥ್ ಮತ್ತು ಗಂಗರಾಜು ಇಬ್ಬರೂ ಸೇರಿ ಒಂದು ರೋಬೋ ಮಾಡಿದ್ದರು. ಊಟದ ಡಬ್ಬಿಯಷ್ಟು ಗಾತ್ರದ್ದು. ಮೋಟಾರು ಕಿರ್ ಎಂದು ಒಂದೇ ಸಮನೆ ಕೂಗುತ್ತಿದ್ದರಿಂದ ಅದಕ್ಕೆ ಜೀರುಂಡೆ ಎಂದು ಹೆಸರು. ಬಿಳಿ ಹಾಸಿನ ಮೇಲೆ ಅಂಟಿಸಿದ ಕಪ್ಪು ಟೇಪಿನ ಗೆರೆ ಹಿಡಿದು ಅದು ತಾನಾಗಿಯೇ ಓಡಬೇಕು, ತಿರುವು ಬಂದಾಗ ತಿರುಗಬೇಕು, ಗೆರೆ ಮುಗಿದ ಕಡೆ ನಿಲ್ಲಬೇಕು. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕಾಲೇಜುಗಳ ನಡುವೆ ಸ್ಪರ್ಧೆಯಿತ್ತು. ಅದಕ್ಕೆ ಹೋಗುವ ತಂಡ ಮೊದಲು ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ರೋಬೋ ತೋರಿಸಬೇಕು, ಜೊತೆಗೆ ಯಾವುದಾದರೂ ಕಾರ್ಖಾನೆಯ ಎಂಜಿನಿಯರ್ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು ಎಂಬುದು ಅಲ್ಲಿನ ನಿಯಮ.

ಮೂವರೂ ಸೇರಿ ಮಾಡಿದ್ದು ಎಂದರೂ ಮಾಡಿದವರು ಹುಡುಗರಿಬ್ಬರೇ. ರಂಗನಾಥ್ ಪ್ರೋಗ್ರಾಂ ಬರೆದ, ಗಂಗರಾಜು ತಂತಿ ಬೆಸೆಯಲು ಸೋಲ್ಡರ್ ಹಿಡಿದು ಕೂತ. ತ್ರಿವೇಣಿ ಸ್ಕ್ರೂಡ್ರೈವರ್ ಎತ್ತಿಕೊಂಡಾಗಲೆಲ್ಲ ರಂಗನಾಥ್ ನಗುನಗುತ್ತಲೇ ಅದನ್ನು ಇಸ್ಕೊಂಡು, “ನಿನ್ ಬಾಯಿ ಚೆನ್ನಾಗೈತೆ ಕಣೇ. ಸ್ಕೂಲುಗಳಲ್ಲಿ ಮಾತಾಡೋ ಕೆಲ್ಸ ನಿಂದು” ಎಂದಿದ್ದ. ಮಾತು ಅವಳಿಗೆ ಬರುತ್ತಿತ್ತು, ಸುಳ್ಳಲ್ಲ. ಆದರೆ ಬೆಳ್ಳಾವಿಯ ತೋಟದಲ್ಲಿ ಅಪ್ಪ ಚೌಡಪ್ಪ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕೂತಾಗ “ಮುಟ್ಬ್ಯಾಡ, ಶಾಕ್ ಹೊಡೀತದೆ” ಎನ್ನಿಸಿಕೊಂಡು ದೂರ ನಿಂತು ನೋಡಿದ್ದು ಸಾಕಾಗಿ ಅವಳು ಎಂಜಿನಿಯರಿಂಗಿಗೆ ಬಂದಿದ್ದಳು. ಇಲ್ಲೂ ದೂರ ನಿಂತು ನೋಡುವುದೇ ಆಗಿತ್ತು.

ಗುಬ್ಬಿಯಲ್ಲಿ ಅಂಗಳದ ತುಂಬ ಮಕ್ಕಳು. ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ಬ್ಯಾನರನ್ನು ಮಗುಚಿ, ಅದರ ಬಿಳಿ ಬೆನ್ನಿನ ಮೇಲೆ ಟೇಪು ಅಂಟಿಸಿದ್ದರು. ಗಂಗರಾಜು ಜೀರುಂಡೆಯನ್ನು ಗೆರೆಯ ಬುಡದಲ್ಲಿಟ್ಟು ಹಿಂದೆ ಸರಿದ. ತ್ರಿವೇಣಿ ದನಿ ಎತ್ತರಿಸಿದಳು.

“ಇದಕ್ಕೆ ಯಾರೂ ದಾರಿ ಹೇಳಿಕೊಡೋದಿಲ್ಲ. ಇದರ ಹೊಟ್ಟೆ ಕೆಳಗೆ ಕಣ್ಣಿದಾವೆ. ಕಪ್ಪು ಗೆರೆ ಎಲ್ಲಿದೆ ಅಂತ ತಾನೇ ನೋಡುತ್ತೆ, ತಾನೇ ಯೋಚನೆ ಮಾಡುತ್ತೆ, ತಾನೇ ತಿರುಗುತ್ತೆ!”

ಜೀರುಂಡೆ ಕಿರ್ ಎನ್ನುತ್ತ ಹೊರಟಿತು. ಆಗ ಸುಳಿಗಾಳಿಯೊಂದು ಅಂಗಳಕ್ಕೆ ನುಗ್ಗಿತು. ಹಾಸಿನ ಮೂಲೆ ಎದ್ದು, ತಿರುವಿನ ಟೇಪು ಕಿತ್ತು ಸುರುಳಿಸುತ್ತಿಕೊಂಡು ಅತ್ತ ಹಾರಿತು. ತಿರುವಿನಲ್ಲಿ ಈಗ ಗೆರೆಯೇ ಇರಲಿಲ್ಲ. ‘ಸತ್ತೆವು, ಇನ್ನು ಇದು ನೇರ ಮಕ್ಕಳ ಮೇಲೆ ಹೋಗುತ್ತೆ’ ಎಂದು ತ್ರಿವೇಣಿ ಮುಂದೆ ಬಾಗಿದಳು. ಜೀರುಂಡೆ ಇಲ್ಲದ ಗೆರೆಯ ಮೇಲೆ ಅಚ್ಚುಕಟ್ಟಾಗಿ ಎಡಕ್ಕೆ ತಿರುಗಿ, ಮುಂದಿನ ಗೆರೆಯನ್ನು ಕೂಡಿಕೊಂಡು, ಕೊನೆಗೆ ಹೋಗಿ ನಿಂತಿತು.

ಮಕ್ಕಳು ಕೇಕೆ ಹಾಕಿದರು. ಮೇಷ್ಟ್ರು ಚಪ್ಪಾಳೆ ಹೊಡೆದರು. ತ್ರಿವೇಣಿ ತಿರುಗಿ ನೋಡಿದಳು. ಗಂಗರಾಜು ಆ ಮಟಮಟ ಬಿಸಿಲಿನಲ್ಲಿ ಜರ್ಕಿನ್ ಹಾಕಿಕೊಂಡು ನಿಂತಿದ್ದ. ಅವನ ಬಲಗೈ ಜೇಬಿನೊಳಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಅವಳ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ಅವನು ತಲೆ ತಗ್ಗಿಸಿದ.

ಬಸ್ಸಿನಲ್ಲಿ ಅವಳು ಕೂರಲಾರದೆ ಕೂತಳು. ಕಿಟಕಿಯ ಗಾಜನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಮುಂದಿನ ಸೀಟಿನಲ್ಲಿ ರಂಗನಾಥ್ ಜೀರುಂಡೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಈ ಹಿಂದೆ ಹೋದ ಶಾಲೆಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಹೆಬ್ಬೂರಿನಲ್ಲಿ ಒಬ್ಬ ಪುಟ್ಟ ಹುಡುಗಿ ಜೀರುಂಡೆಗೆ ಕೈಮುಗಿದಿದ್ದಳು. “ಅದಕ್ಕೆ ಬುದ್ಧಿ ಹೆಂಗೆ ಬಂತಕ್ಕ?” ಎಂದು ಕೇಳಿದವಳಿಗೆ ತ್ರಿವೇಣಿ ಕಾಲು ಗಂಟೆ ವಿವರಿಸಿದ್ದಳು.

ಮಾರನೇ ದಿನ ಲ್ಯಾಬಿನಲ್ಲಿ ನೇರವಾಗಿ ಕೇಳಿದಳು. “ಗಂಗರಾಜು, ಜೇಬಲ್ಲಿ ಏನಿತ್ತು?”

ಗಂಗರಾಜು ರಂಗನಾಥನನ್ನು ನೋಡಿದ. ಗಂಗರಾಜು ಗುಬ್ಬಿ ಕಡೆಯ ರಾಗಿ ಹೊಲದವರ ಮನೆಯ ಹುಡುಗ. ಕೈಕೆಲಸದಲ್ಲಿ ಜಾಣ, ಎದುರು ಮಾತಿನಲ್ಲಿ ಹಿಂದೆ. ರಂಗನಾಥ್ ತಾನೇ ಬೀರು ತೆಗೆದು ಆಟದ ಕಾರಿನ ರಿಮೋಟ್ ಒಂದನ್ನು ಮೇಜಿನ ಮೇಲಿಟ್ಟ.

“ಇದೇ ಇತ್ತು. ಏನೀಗ? ಲ್ಯಾಬಲ್ಲಿ ಜೀರುಂಡೆ ತಾನಾಗೇ ಓಡುತ್ತೆ, ನೀನೇ ನೋಡಿದೀಯ. ಬಿಸಿಲಿಗೆ ಇಟ್ರೆ ಅದಕ್ಕೆ ಗೆರೆ ಕಾಣಲ್ಲ, ಎತ್ತೆತ್ತಲೋ ಹೋಗುತ್ತೆ. ಸ್ಕೂಲಲ್ಲಿ ಹುಡುಗ್ರ ಮುಂದೆ ಎಡವಟ್ಟಾದ್ರೆ ನಗಲ್ವಾ? ಬೆಂಗಳೂರಲ್ಲಿ ಹಾಲ್ ಒಳಗೆ ಸ್ಪರ್ಧೆ. ಅಲ್ಲಿ ರಿಮೋಟು ಬೇಕಾಗಿಲ್ಲ.”

“ನಂಗ್ಯಾಕೆ ಹೇಳಿಲ್ಲ?”

“ಹೇಳಿದ್ರೆ ನೀನು ಹಂಗೆ ಮಾತಾಡ್ತಿದ್ಯಾ?” ರಂಗನಾಥ್ ಕೆಟ್ಟ ದನಿಯಲ್ಲಿ ಹೇಳಲಿಲ್ಲ, ಲೆಕ್ಕ ಬಿಡಿಸಿದವನಂತೆ ಹೇಳಿದ. “ನೀನು ನಂಬಿದ್ದಕ್ಕೇ ಮಕ್ಕಳೂ ನಂಬಿದ್ರು.”

ತ್ರಿವೇಣಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ಸಿದ್ದಲಕ್ಷ್ಮಮ್ಮನ ಗಂಡ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ಓದುವುದಕ್ಕೆಂದು ತ್ರಿವೇಣಿಯನ್ನು ಅವರೇ ಇಟ್ಟುಕೊಂಡಿದ್ದರು. ಆ ಸಂಜೆ ಅವಳು ಹಿತ್ತಲಿಗೂ ಬಾಗಿಲಿಗೂ ಓಡಾಡುವುದನ್ನು ನೋಡಿ ನೋಡಿ ದೊಡ್ಡಮ್ಮನಿಗೆ ರೇಗಿತು.

“ಏನ್ ಮಗಾ, ಬಾಲ ಸುಟ್ಟ ಬೆಕ್ಕಿನಂಗೆ ತಿರುಗ್ತೀಯ? ಕೂತ್ಕಂಡು ಈ ಅವರೆಕಾಯಾದ್ರೂ ಸುಲಿ.”

ಕೂತಳು. ಕಾಯಿ ಸುಲಿದು ಕಾಳಿನ ಪಾತ್ರೆಗೆ ಸಿಪ್ಪೆಯನ್ನು, ಸಿಪ್ಪೆಯ ಮೊರಕ್ಕೆ ಕಾಳನ್ನು ಹಾಕಿದಳು. ದೊಡ್ಡಮ್ಮ ಮೊರ ಕಸಿದುಕೊಂಡು, “ಎದ್ದೋಗ್, ಎದ್ದೋಗ್! ನಿನ್ ಮನಸ್ಸು ಎಲ್ಲೈತೋ ಅಲ್ಲಿಗೇ ಹೋಗು” ಎಂದಳು.

ಮನಸ್ಸು ಒಂದೇ ಪ್ರಶ್ನೆಯ ಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ರಂಗನಾಥನ ಮೇಲಿನ ಸಿಟ್ಟು ಒಂದು ಕಡೆ ಇರಲಿ. ಬಿಸಿಲಿಗೆ ಇಟ್ಟರೆ ಅದಕ್ಕೆ ಗೆರೆ ಯಾಕೆ ಕಾಣುವುದಿಲ್ಲ? ತಂಡದಲ್ಲಿ ಯಾರಿಗಾದರೂ ಅದು ಗೊತ್ತೇ? ಗೊತ್ತಿದ್ದರೆ ಸರಿಮಾಡುತ್ತಿದ್ದರು. ಗೊತ್ತಿಲ್ಲದ್ದಕ್ಕೇ ರಿಮೋಟು.

ತಂಡಕ್ಕೆ ಪಾಠ ಹೇಳಲು ಒಪ್ಪಿಕೊಂಡಿದ್ದ ಎಂಜಿನಿಯರ್ ಒಬ್ಬರಿದ್ದರು, ಬಸವಲಿಂಗಮ್ಮ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಗೆ ತುಂಬುವ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ಅವರದು. ಮೂವರೂ ಮೊದಲೊಮ್ಮೆ ಹೋಗಿದ್ದರು. ಅವರು ಜೀರುಂಡೆಯನ್ನು ತಿರುಗಿಸಿ ನೋಡಿ, “ಕಣ್ಣು ಎಷ್ಟು ವೋಲ್ಟ್ ಕೊಡ್ತಾ ಇದೆ?” ಎಂದು ಕೇಳಿದ್ದರು. “ಓಡ್ತಾ ಇದೆಯಲ್ಲ ಮೇಡಂ” ಎಂದಿದ್ದ ರಂಗನಾಥ್. “ಅಳತೆ ಮಾಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ” ಎಂದು ಅವರು ಎದ್ದುಹೋಗಿದ್ದರು. ಆಮೇಲೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. “ಅಜ್ಜಿ ಸ್ಕೂಲು ಕಣ್ಲಾ ಅದು” ಎಂದು ರಂಗನಾಥ್ ನಕ್ಕಿದ್ದ.

ತ್ರಿವೇಣಿ ಒಬ್ಬಳೇ ಹೋದಳು. ಕಾರ್ಖಾನೆಯೊಳಗೆ ಎಣ್ಣೆಯ ಘಮಲು. ಪಟ್ಟಿಯ ಮೇಲೆ ಬಾಟಲಿಗಳು ಸಾಲಾಗಿ ಸಾಗುತ್ತಿದ್ದವು. ಬಸವಲಿಂಗಮ್ಮ ಸೀರೆಯ ಮೇಲೆ ನೀಲಿ ಕೋಟು ತೊಟ್ಟು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ನಿಂತಿದ್ದರು. ತ್ರಿವೇಣಿ ರಿಮೋಟಿನ ಕತೆಯನ್ನೂ ಸೇರಿಸಿ ಎಲ್ಲ ಹೇಳಿದಳು. ಅವರು ಬೈಯುತ್ತಾರೆಂದುಕೊಂಡಿದ್ದಳು.

“ನಾನೂ ಒಂದು ಕಾಲದಲ್ಲಿ ಸಾಹೇಬ್ರು ಬಂದಾಗ ಕೆಟ್ಟಿರೋ ಮೆಷಿನ್ನಿಗೆ ಹೊದಿಕೆ ಹೊದಿಸಿದೀನಿ ಬುಡು” ಎಂದರು. “ಈಗ ಹೇಳು, ಬಿಸಿಲಲ್ಲಿ ಎಷ್ಟು ವೋಲ್ಟು? ನೆರಳಲ್ಲಿ ಎಷ್ಟು?”

“ಗೊತ್ತಿಲ್ಲ ಮೇಡಂ.”

“ಹಂಗಾದ್ರೆ ನಿನಗೂ ಅವರಿಗೂ ಏನು ವ್ಯತ್ಯಾಸ? ಅವರು ಗೊತ್ತಿಲ್ಲದೆ ಸುಮ್ನಿದಾರೆ, ನೀನು ಗೊತ್ತಿಲ್ಲದೆ ಒದ್ದಾಡ್ತಾ ಇದೀಯ. ಹೋಗು, ಅಳೆದ್ಕೊಂಡು ಬಾ.”

ಕಪಾಳಕ್ಕೆ ಹೊಡೆದಂತಾಯಿತು. ಆದರೆ ಅಲ್ಲಿಂದ ಹೊರಬಿದ್ದಾಗ ಅವಳಿಗೆ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತ್ತು.

ಜೀರುಂಡೆಯ ಬೀರುವಿನ ಕೀಲಿ ರಂಗನಾಥನ ಹತ್ತಿರ. ಅವಳು ಗಂಗರಾಜುವನ್ನು ಹಿಡಿದಳು. “ನೀನು ಮಿಗಿಸಿಟ್ಟಿರೋ ಕಣ್ಣಿನ ಜೋಡಿ ಒಂದು ಕೊಡೋ. ರೋಬೋ ಮುಟ್ಟಲ್ಲ.” ಗಂಗರಾಜು ಕೊಟ್ಟ. ಅಷ್ಟೇ ಅಲ್ಲ, ಕಾಲೇಜಿನ ತಾರಸಿಗೂ ಜೊತೆಯಲ್ಲಿ ಬಂದ. ಒಂದು ಚೂರು ಬಿಳಿ ಫ್ಲೆಕ್ಸು, ಒಂದು ಚೂರು ಕಪ್ಪು ಟೇಪು, ವೋಲ್ಟು ಅಳೆಯುವ ಮಲ್ಟಿಮೀಟರು. ಆ ಕಣ್ಣಿನ ಜೋಡಿಯಲ್ಲಿ ಒಂದು ಬೆಳಕು ಚೆಲ್ಲುತ್ತದೆ, ಇನ್ನೊಂದು ನೆಲದಿಂದ ವಾಪಸು ಬಂದ ಬೆಳಕನ್ನು ಹಿಡಿಯುತ್ತದೆ. ಬಿಳಿ ನೆಲ ಬೆಳಕನ್ನು ವಾಪಸು ಕೊಡುತ್ತದೆ, ಕಪ್ಪು ಗೆರೆ ನುಂಗಿಬಿಡುತ್ತದೆ. ನೆರಳಿನಲ್ಲಿ ಬಿಳಿಗೂ ಕಪ್ಪಿಗೂ ಮೀಟರಿನ ಮೇಲೆ ಅಜಗಜಾಂತರ. ಬಿಸಿಲಿಗೆ ಹಿಡಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ.

“ಥೂ, ಇಷ್ಟೇನಾ!” ಎಂದಳು ತ್ರಿವೇಣಿ. “ಸೂರ್ಯನ ಬೆಳಕು ಪಕ್ಕದಿಂದ ಒಳಗೆ ನುಗ್ಗುತ್ತೆ ಕಣೋ. ಆಗ ಅದಕ್ಕೆ ಎಲ್ಲಾನೂ ಬಿಳಿ.”

ಗಂಗರಾಜು ಮೀಟರಿನ ಕಡ್ಡಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದ. “ನಂಗೂ ಆ ಜರ್ಕಿನ್ ಹಾಕ್ಕೊಳೋಕೆ ಆಗಲ್ಲ ತ್ರಿವೇಣಿ. ಗುಬ್ಬಿ ಸ್ಕೂಲಲ್ಲಿ ನಮ್ ಚಿಕ್ಕಪ್ಪನ ಮಗಳು ಓದ್ತಾಳೆ. ಮನೇಗ್ ಬಂದು, ಅಣ್ಣಾ ನೀನು ಮಾಡಿರೋ ರೋಬೋಗೆ ಎಷ್ಟು ಬುದ್ಧಿ ಅಂತ ಕುಣಿದ್ಳು. ಊಟ ಸೇರ್ಲಿಲ್ಲ ನಂಗೆ.”

ಅಳತೆಗಳನ್ನು ಹಿಡಿದು ಹೋದಾಗ ಬಸವಲಿಂಗಮ್ಮ ಈ ಸಲ ಕುರ್ಚಿ ಎಳೆದುಕೊಟ್ಟರು. ಆಮೇಲೆ ಬಾಟಲಿ ಎಣಿಸುವ ಯಂತ್ರದ ಹತ್ತಿರ ಕರೆದುಕೊಂಡು ಹೋಗಿ, ಪಶ್ಚಿಮದ ಷಟರು ತೆಗೆದರೆ ಸಂಜೆ ಬಿಸಿಲಿಗೆ ಅದೂ ಲೆಕ್ಕ ತಪ್ಪುತ್ತಿದ್ದುದನ್ನು, ತಾವು ತಿಂಗಳುಗಟ್ಟಲೆ ಕಾರಣ ತಿಳಿಯದೆ ಆಪರೇಟರುಗಳನ್ನು ಬೈದದ್ದನ್ನು ಹೇಳಿದರು. “ಕಣ್ಣಿನ ಸುತ್ತ ಮರೆ ಕಟ್ಟು. ನೆಲಕ್ಕೆ ಇನ್ನೂ ಹತ್ತಿರ ಇಳಿಸು. ಬೋರ್ಡ್ ಮೇಲೆ ಬಿಳಿ-ಕಪ್ಪಿನ ಗಡಿ ಹೊಂದಿಸೋ ತಿರುಪು ಇದೆಯಲ್ಲ, ಅದನ್ನ ಲ್ಯಾಬಲ್ಲಿ ತಿರುಗಿಸಿ ಬಿಟ್ಟು ಹೋಗಬೇಡ. ಎಲ್ಲಿ ಓಡಿಸ್ತೀಯೋ ಅಲ್ಲೇ, ಆ ಬೆಳಕಲ್ಲೇ ಅಳೆದು ತಿರುಗಿಸು. ಇಷ್ಟಾದ್ರೂ ಒಂದೊಂದ್ಸಲ ಕೈಕೊಡುತ್ತೆ. ಆವಾಗ ಮತ್ತೆ ಅಳೆ.”

ಅವಳು ಓಡುತ್ತಲೇ ಲ್ಯಾಬಿಗೆ ಬಂದಳು. ರಂಗನಾಥ್ ಎಲ್ಲ ಕೇಳಿದ. ಅಂಕಿಗಳನ್ನೂ ನೋಡಿದ. ಕ್ಷಣಹೊತ್ತು ಅವನ ಮುಖದಲ್ಲಿ ಆಸೆ ಮೂಡಿದ್ದು ಅವಳಿಗೆ ಕಂಡಿತು. ಆಮೇಲೆ ತಲೆಯಾಡಿಸಿದ.

“ಈಗ ಬಿಚ್ಚಿದ್ರೆ ಇರೋದೂ ಕೆಡುತ್ತೆ. ಬರೋ ವಾರ ಕೊತ್ತಗೆರೆ ಸ್ಕೂಲು, ಅದೇ ಕೊನೇದು. ಅದೊಂದು ಹೆಂಗೋ ಮುಗಿಸಿಬಿಡೋಣ. ಬೆಂಗಳೂರು ಆದ್ಮೇಲೆ ನೀನು ಏನಾದ್ರೂ ಮಾಡ್ಕೋ.”

“ನಾನು ಮಾತಾಡಲ್ಲ ಅಂದ್ರೆ?”

“ಗಂಗರಾಜು ಮಾತಾಡ್ತಾನೆ, ರಿಮೋಟ್ ನಾನು ಹಿಡ್ಕೋತೀನಿ. ಅವನು ತೊದಲ್ತಾನೆ, ಮಕ್ಕಳು ನಗ್ತಾರೆ. ಅದು ಬೇಕಾ ನಿಂಗೆ?”

ಅವಳು ಹೋಗಲೇಬಾರದು ಎಂದು ತೀರ್ಮಾನಿಸಿದಳು. ಮರುದಿನ ಹೋಗಬೇಕು ಎಂದುಕೊಂಡಳು. ಕುಣಿಗಲ್ ಬಸ್ಸು ಹತ್ತುವಾಗಲೂ ಒಂದು ಕಾಲು ಕೆಳಗೇ ಇತ್ತು; ಕಂಡಕ್ಟರು, “ಏನಮ್ಮ, ಬರ್ತೀಯೋ ಬೀಳ್ಕೊಡೋಕ್ ಬಂದಿದ್ದೀಯೋ?” ಎಂದು ಗದರಿದ ಮೇಲೆ ಮೇಲೇರಿದಳು.

ಕೊತ್ತಗೆರೆಯ ಶಾಲೆಯ ಹೆಡ್‌ಮಾಸ್ಟರ್ ಕರಿಬಸವಯ್ಯನವರು ಬೆಳಗಿನಿಂದ ಕಾಯುತ್ತಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಊರಿನ ಒಂದಿಬ್ಬರು ಹಿರಿಯರನ್ನೂ ಕರೆಸಿ ಕುರ್ಚಿ ಹಾಕಿಸಿದ್ದರು. ಹೊಂಗೆ ಮರದ ಕೆಳಗೆ ನೆರಳಿತ್ತು, ಆದರೆ ಅಷ್ಟು ಮಕ್ಕಳೂ ಅಷ್ಟು ದೊಡ್ಡ ಹಾಸೂ ಅಲ್ಲಿ ಹಿಡಿಸುವಂತಿರಲಿಲ್ಲ. ಅಂಗಳದ ನಡುವೆ, ನೆತ್ತಿಯ ಮೇಲಿನ ಬಿಸಿಲಿನಲ್ಲೇ ಹಾಸಿದರು. ಗಂಗರಾಜು ಜರ್ಕಿನ್ ತೊಟ್ಟುಕೊಂಡ.

ತ್ರಿವೇಣಿ ಮಾತು ಶುರುಮಾಡಿದಳು. ಹೆಸರು, ಕಾಲೇಜು, ಚಕ್ರ, ಮೋಟಾರು, ಬ್ಯಾಟರಿ. ನಾಲಿಗೆ ತನ್ನಷ್ಟಕ್ಕೆ ಓಡಿತು. “ಇದರ ಹೊಟ್ಟೆ ಕೆಳಗೆ ಕಣ್ಣಿದಾವೆ” ಎಂಬಲ್ಲಿಗೆ ಬಂದು ನಿಂತಿತು. ಮಕ್ಕಳು ಕಾದರು. ರಂಗನಾಥ್ ಹಿಂದಿನಿಂದ, “ಹೇಳು, ತಾನೇ ಯೋಚನೆ ಮಾಡುತ್ತೆ ಅಂತ ಹೇಳು” ಎಂದು ಪಿಸುಗುಟ್ಟಿದ.

ತ್ರಿವೇಣಿ ಅವನ ಕಡೆ ತಿರುಗಲಿಲ್ಲ.

“ಈ ಕಣ್ಣಿಗೆ ಬಿಸಿಲು ಆಗಲ್ಲ” ಎಂದಳು. “ಕೋಣೆಯೊಳಗೆ ಇದು ತಾನಾಗೇ ಓಡುತ್ತೆ. ಬಿಸಿಲಲ್ಲಿ ಇದಕ್ಕೆ ಗೆರೆ ಕಾಣಲ್ಲ. ಇಲ್ಲೀವರೆಗೂ ಬೇರೆ ಶಾಲೆಗಳಲ್ಲಿ ನಾವು ಕದ್ದು ರಿಮೋಟಲ್ಲಿ ಓಡಿಸಿದೀವಿ. ಇಲ್ಲಿ ರಿಮೋಟ್ ಬೇಡ. ಏನಾಗುತ್ತೋ ಎಲ್ಲರೂ ಸೇರಿ ನೋಡೋಣ.”

ಮುಂದಿನ ಸಾಲಿನಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು, ಎಂಟನೇ ಕ್ಲಾಸಿನವಳು, ಎದ್ದು ನಿಂತಳು. “ಅಕ್ಕಾ, ಅದಕ್ಕೇನಾ ಈ ಅಣ್ಣ ಸುಡೋ ಬಿಸಿಲಲ್ಲಿ ಜರ್ಕಿನ್ ಹಾಕ್ಕಂಡಿರೋದು? ನಾವ್ ಆಗ್ಲಿಂದ ಅದನ್ನೇ ಮಾತಾಡ್ಕತಾ ಇದ್ವಿ.”

ಮಕ್ಕಳೆಲ್ಲ ಹೋ ಎಂದು ನಕ್ಕರು. ಗಂಗರಾಜುವೂ ನಕ್ಕುಬಿಟ್ಟ. ಜರ್ಕಿನ್ ಬಿಚ್ಚಿ, ರಿಮೋಟನ್ನು ತೆಗೆದು ಹೆಡ್‌ಮಾಸ್ಟರರ ಮೇಜಿನ ಮೇಲಿಟ್ಟ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ರಂಗನಾಥನ ಮುಖ ಮಾತ್ರ ಸುಣ್ಣ ಬಳಿದಂತಾಗಿತ್ತು.

ಜೀರುಂಡೆ ಹೊರಟಿತು. ಗೆರೆಯ ಮೇಲೆ ಒಂದು ಮಾರು ಹೋಗಿ, ಬಲಕ್ಕೆ ವಾಲಿ, ಹಾಸು ದಾಟಿ, ಕುರ್ಚಿಯ ಮೇಲೆ ಕೂತಿದ್ದ ಹಿರಿಯರೊಬ್ಬರ ಚಪ್ಪಲಿಗೆ ಹೋಗಿ ಗುದ್ದಿತು. ಅವರು ಕಾಲೆತ್ತಿಕೊಂಡರು. ಮತ್ತೆ ನಗೆ. ತ್ರಿವೇಣಿ ಅದನ್ನು ಎತ್ತಿ ತಂದು, ಮಗುಚಿ ಹಿಡಿದು, ಕಣ್ಣುಗಳನ್ನು ತೋರಿಸಿ, ಬಿಳಿ ಏನು ಮಾಡುತ್ತದೆ, ಕಪ್ಪು ಏನು ಮಾಡುತ್ತದೆ, ಬಿಸಿಲು ಎಲ್ಲಿಂದ ನುಗ್ಗುತ್ತದೆ ಎಂದು ಹೇಳಿದಳು. ಇಂಥ ಮಾತನ್ನು ಅವಳು ಯಾವ ಶಾಲೆಯಲ್ಲೂ ಆಡಿರಲಿಲ್ಲ. ತಡವರಿಸುತ್ತ, ಹುಡುಕಿ ಹುಡುಕಿ ಆಡಿದಳು.

“ಹಂಗಾರೆ ನೆರಳು ಮಾಡಿದ್ರೆ ಕಾಣುತ್ತಾ?” ಎಂದಳು ಅದೇ ಹುಡುಗಿ. ಅವಳ ಹೆಸರು ಚೈತನ್ಯ.

“ಕಾಣಬೇಕು. ಗೊತ್ತಿಲ್ಲ.”

“ನಾವ್ ನಿಂತ್ಕತೀವಿ ಬುಡಿ ಅಕ್ಕ!”

ಯಾರೂ ಹೇಳಿಕೊಡಲಿಲ್ಲ. ಚೈತನ್ಯ ಗೆರೆಯ ಪಕ್ಕದಲ್ಲಿ ಬಗ್ಗಿ ನಿಂತಳು. ಅವಳ ಪಕ್ಕ ಇನ್ನೊಬ್ಬಳು, ಎದುರಿಗೆ ಇಬ್ಬರು ಹುಡುಗರು, ಆಮೇಲೆ ಮತ್ತಷ್ಟು. ತಲೆಗೆ ತಲೆ ತಾಗಿಸಿಕೊಂಡು, ಸ್ಕೂಲ್ ಬ್ಯಾಗುಗಳನ್ನು ಮೇಲೆ ಹಿಡಿದುಕೊಂಡು, ಗೆರೆಯುದ್ದಕ್ಕೂ ಒಂದು ಚಪ್ಪರವೇ ಆಯಿತು. ತ್ರಿವೇಣಿ ಆ ಚಪ್ಪರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಬ್ಯಾಗಿನಲ್ಲಿ ತಂದಿದ್ದ ಮೀಟರು ಹಿಡಿದು, ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಪನ್ನು ತಿರುಗಿಸಿದಳು. ಬೆವರು ಕಣ್ಣಿಗೆ ಇಳಿದು ಉರಿಯಿತು. ಸ್ವಿಚ್ಚು ಹಾಕಿದಳು.

ಜೀರುಂಡೆ ಕಿರ್ ಎನ್ನುತ್ತ ಆ ನೆರಳಿನೊಳಗೆ ಹೊರಟಿತು. ಮಕ್ಕಳು ಉಸಿರು ಬಿಗಿಹಿಡಿದರು. ಮೊದಲ ತಿರುವಿನಲ್ಲಿ ತಡೆಯಿತು, ಅತ್ತಿತ್ತ ಮೂತಿ ಆಡಿಸಿತು, ತಿರುಗಿತು. ಎರಡನೇ ತಿರುವಿನಲ್ಲಿ ಚಿಕ್ಕವನೊಬ್ಬ ಖುಷಿ ತಾಳಲಾರದೆ ಜಿಗಿದ. ಅವನು ಜಿಗಿದ ಜಾಗದಿಂದ ಬಿಸಿಲು ಬಿತ್ತು. ಜೀರುಂಡೆ ದಾರಿ ತಪ್ಪಿ ಯಾರದೋ ಕಾಲಿನ ಸಂದಿಗೆ ನುಗ್ಗಿತು. “ಏನ್ಲಾ, ನಿಂತ್ಕಳೋಕ್ ಬರಲ್ವಾ!” ಎಂದು ಚೈತನ್ಯ ಅವನ ತಲೆಗೆ ಮೊಟಕಿದಳು. ಇನ್ನೊಂದು ಸಲ ಮಾಡೋಣ ಎಂದು ಎಲ್ಲರೂ ಕೂಗಿದರು. ಬೆಲ್ಲು ಹೊಡೆದರೂ ಯಾರೂ ಕದಲಲಿಲ್ಲ. ಕೊನೆಯವರೆಗೆ ಅದು ಒಂದು ಸಲವೂ ಹೋಗಲಿಲ್ಲ.

ಕರಿಬಸವಯ್ಯನವರಿಗೆ ಇದು ಹಿಡಿಸಲಿಲ್ಲ. “ಊರಿನವರನ್ನ ಕರೆಸಿದ್ದೆ ಕಣಮ್ಮ” ಎಂದಷ್ಟೇ ಹೇಳಿ ರಿಮೋಟನ್ನು ವಾಪಸು ಕೊಟ್ಟರು. ಕಾಫಿ ಬರಲಿಲ್ಲ.

ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬಂದರು. ಅಲ್ಲಿ ತುಮಕೂರಿನ ಬಸ್ಸಿಗೆ ಕಾಯುತ್ತ ನಿಂತಾಗ ರಂಗನಾಥ್ ಸಿಡಿದ.

“ನನ್ನ ಮರ್ಯಾದೆ ತೆಗೆದೆ. ನಮ್ಮಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ, ನನ್ ಮಗ ರೋಬೋ ಮಾಡವ್ನೆ ಅಂತ. ಓಡಲ್ಲ ಅಂತ ಹೆಂಗೆ ಹೇಳ್ಲಿ ನಾನು? ಯಾರಿಗೆ ಹೇಳ್ಲಿ?”

ಅವನ ದನಿ ಒಡೆದದ್ದು ಕೇಳಿ ತ್ರಿವೇಣಿ ಬೆಚ್ಚಿದಳು. ಅವನಿಗೂ ನಿದ್ದೆಯಿರಲಿಲ್ಲವೇನೋ ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು. “ನಂಗೆ ಹೇಳಬಹುದಿತ್ತು” ಎಂದಳು. ಅವನು ಬೇರೆ ಬಸ್ಸು ಹತ್ತಿ ಹೋದ.

ವಿಷಯ ಕಾಲೇಜಿಗೆ ಮುಟ್ಟಲು ಹೊತ್ತಾಗಲಿಲ್ಲ. ತಂಡದ ಜವಾಬ್ದಾರಿ ಹೊತ್ತಿದ್ದ ಲೆಕ್ಚರರ್ ವೆಂಕಟರಂಗಯ್ಯನವರು ಮೂವರನ್ನೂ ನಿಲ್ಲಿಸಿಕೊಂಡರು. ಅವಳು ಎಲ್ಲರೆದುರು ಆಡಿದ್ದಕ್ಕೂ ಬೈದರು, ಹುಡುಗರು ಮುಚ್ಚಿಟ್ಟದ್ದಕ್ಕೂ ಬೈದರು. ಕೊನೆಗೆ, “ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಇದು ಓಡಬೇಕು. ಓಡಿದ್ರೆ ಬೆಂಗಳೂರು, ಇಲ್ಲದಿದ್ರೆ ಇಲ್ಲ” ಎಂದರು.

ರಂಗನಾಥ್ ಬೀರುವಿನ ಕೀಲಿಯನ್ನು ಮೇಜಿನ ಮೇಲೆ ಎಸೆದು ಹೋದ. ತ್ರಿವೇಣಿ ಮತ್ತು ಗಂಗರಾಜು ಕೆಲಸ ಹಿಡಿದರು. ಮೊದಲ ದಿನವೇ ಅವಳು ಬೋರ್ಡಿನ ಒಂದು ತಂತಿ ಸುಟ್ಟಳು. ಕಾಯಿಸಿದ ಸೋಲ್ಡರಿನಿಂದ ಬೆರಳು ಸುಟ್ಟುಕೊಂಡಳು. ದೊಡ್ಡಮ್ಮ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, “ಇದೇನ್ ಓದೋ, ಒಲೆ ಮುಂದೆ ಕೂತ್ರೂ ಇಷ್ಟು ಸುಟ್ಕತಿರ್ಲಿಲ್ಲ” ಎಂದು ಗೊಣಗಿದಳು. ಹಳೇ ಛತ್ರಿಯ ಕಪ್ಪು ಬಟ್ಟೆಯನ್ನು ಕತ್ತರಿಸಿ ಜೀರುಂಡೆಯ ಹೊಟ್ಟೆಗೆ ಲಂಗದಂತೆ ಮರೆ ಕಟ್ಟಿದರು. ಅದು ಚಕ್ರಕ್ಕೆ ಸಿಕ್ಕಿ ಸುತ್ತಿಕೊಂಡಿತು. ಇನ್ನೊಂದು ಕಟ್ಟಿದರು. ಕಣ್ಣು ಕೆಳಗಿಳಿಸಿದ್ದರಿಂದ ಪ್ರೋಗ್ರಾಂ ತಾಳ ತಪ್ಪಿತು. ತಿರುವಿನಲ್ಲಿ ಜೀರುಂಡೆ ನಿಂತಲ್ಲೇ ಗಿರಗಿರ ತಿರುಗತೊಡಗಿತು. ಪ್ರೋಗ್ರಾಂ ಬರೆದವನಿಗಲ್ಲದೆ ಅದು ಯಾರಿಗೂ ಅರ್ಥವಾಗುವಂತಿರಲಿಲ್ಲ.

ತ್ರಿವೇಣಿ ಕ್ಯಾಂಟೀನಿಗೆ ಹೋಗಿ ರಂಗನಾಥನ ಎದುರು ಕೂತಳು. “ತಿರುವಲ್ಲಿ ಸುತ್ತುತ್ತೆ. ಯಾಕೆ ಅಂತ ನಂಗೆ ಗೊತ್ತಿಲ್ಲ. ಬಾ.”

ಅವನು ಟೀ ಲೋಟವನ್ನು ತಿರುಗಿಸುತ್ತ ಕೂತ. “ನಂಗೂ ಗೊತ್ತಿರಲ್ಲ” ಎಂದ.

“ಗೊತ್ತಿಲ್ದಿದ್ರೆ ಬಸವಲಿಂಗಮ್ಮ ಮೇಡಂ ಹತ್ರ ಹೋಗೋಣ. ಅವರು ಬೈತಾರೆ ಅಷ್ಟೇ.”

ಮೂವರೂ ಹೋದರು. ಮೇಡಂ ಬೈದರು. ಆಮೇಲೆ ಬಾಟಲಿ ತುಂಬುವ ಪಟ್ಟಿಯ ಪಕ್ಕದಲ್ಲೇ ನಿಂತು, ಯಂತ್ರವೊಂದಕ್ಕೆ ‘ಕಂಡಿತು’ ಎನ್ನುವುದಕ್ಕೂ ‘ತಿರುಗು’ ಎನ್ನುವುದಕ್ಕೂ ನಡುವೆ ಎಷ್ಟು ಬಿಡುವು ಕೊಡಬೇಕೆಂದು ರಂಗನಾಥನಿಗೆ ಹೇಳಿಕೊಟ್ಟರು. ಅವನು ಕೇಳಿದ ಪ್ರಶ್ನೆಗಳನ್ನು ತ್ರಿವೇಣಿ ಬೆರಗಾಗಿ ಕೇಳಿಸಿಕೊಂಡಳು. ಅಷ್ಟು ಪ್ರಶ್ನೆ ಅವನ ಹೊಟ್ಟೆಯಲ್ಲಿದ್ದವು ಎಂದು ಅವಳಿಗೆ ಗೊತ್ತಿರಲಿಲ್ಲ.

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಜೀರುಂಡೆ ಓಡಿತು. ಮೊದಲ ಸಲ ಅಲ್ಲ, ಎರಡನೇ ಸಲವೂ ಅಲ್ಲ. ವೆಂಕಟರಂಗಯ್ಯನವರು ಕೈಗಡಿಯಾರ ನೋಡಿಕೊಂಡು ಹೊರಡಲು ಎದ್ದಾಗ ಓಡಿತು. ಅವರು ನಿಂತು ನೋಡಿ, “ಹೋಗಿ ಬನ್ನಿ” ಎಂದರು.

ಬೆಂಗಳೂರಿನಲ್ಲಿ ಮೊದಲ ಸುತ್ತು ಗೆದ್ದರು. ಎರಡನೇ ಸುತ್ತಿನ ನಡುವೆ ಜೀರುಂಡೆ ಮೆಲ್ಲಗಾಗಿ, ಮೆಲ್ಲಗಾಗಿ, ಗೆರೆಯ ಮೇಲೇ ನಿಂತುಬಿಟ್ಟಿತು. ಬೇರೆ ಕಾಲೇಜುಗಳ ಹುಡುಗರು ಶಿಳ್ಳೆ ಹಾಕಿದರು. ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ತುಮಕೂರಿನ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ರೈಲು ಯಶವಂತಪುರ ದಾಟಿತು. ಗಂಗರಾಜು ಬ್ಯಾಟರಿಯ ತಂತಿಯನ್ನೇ ನೋಡುತ್ತಿದ್ದ. ತ್ರಿವೇಣಿ ಎದ್ದು ಬಾಗಿಲಿನವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಅವಳು ಹಿಂದಿರುಗಿ ಬಂದಾಗ ರಂಗನಾಥ್ ಜೀರುಂಡೆಯನ್ನು ತೊಡೆಯ ಮೇಲೆ ಮಗುಚಿಕೊಂಡು ಕೂತಿದ್ದ. ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಕತ್ತು ಚಾಚಿ ನೋಡುತ್ತಿದ್ದಳು.

“ಏನಪ್ಪಾ ಅದು, ರೇಡಿಯೋನಾ?”

“ಅಲ್ಲಮ್ಮ, ರೋಬೋ. ಕಪ್ಪು ಗೆರೆ ಕಂಡ್ರೆ ಅದರ ಮೇಲೆ ಹೋಗುತ್ತೆ.” ಶಾಲೆಗಳಲ್ಲಿ ಒಮ್ಮೆಯೂ ಬಾಯಿ ತೆಗೆಯದಿದ್ದ ರಂಗನಾಥ್ ಅವಳಿಗೆ ಕಣ್ಣು, ಮರೆ, ಚಕ್ರ ಎಲ್ಲವನ್ನೂ ತೋರಿಸಿದ. ಮಾತು ಅಲ್ಲಲ್ಲಿ ತೊಡರಿತು. “ಇವತ್ತು ನಡುವಲ್ಲಿ ನಿಂತೋಯ್ತು. ಸೋತ್ವಿ” ಎಂದೂ ಹೇಳಿದ.

“ಅಯ್ಯೋ ಪಾಪ. ಯಾಕ್ ನಿಂತ್ಕಂತು?”

ರಂಗನಾಥ್ ತ್ರಿವೇಣಿಯ ಕಡೆ ನೋಡಿದ. ತ್ರಿವೇಣಿ ಬ್ಯಾಗಿನಿಂದ ಮಲ್ಟಿಮೀಟರು ತೆಗೆದಳು. ರೈಲು ಕುಲುಕುತ್ತಿತ್ತು, ಕಡ್ಡಿಯ ತುದಿ ಬ್ಯಾಟರಿಯ ಮೇಲೆ ನಿಲ್ಲುತ್ತಿರಲಿಲ್ಲ.

“ಅಲುಗಾಡಿಸಬ್ಯಾಡ ಕಣೋ, ಗಟ್ಟಿಯಾಗಿ ಹಿಡ್ಕೋ” ಎಂದಳು.

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೂವಿನ ಹೆಂಗಸು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟಳು.